ಕಾರಿನ ಎಸಿ ಗಾಳಿ ತಿರುಗಿಸಲು ಟಚ್ ಪರದೆ ಏಕೆ ಬೇಕು?

ನಿನ್ನೆ ರಾತ್ರಿ ಗೆಳೆಯನ ಹೊಸ ಕಾರಿನಲ್ಲಿ ಮೂರು ಗಂಟೆ ಪ್ರಯಾಣ ಮಾಡಿ ಬಂದೆ. ಅದು ಯಾವ ಕಂಪನಿಯ ಕಾರು ಎಂದು ಹೇಳುವುದಿಲ್ಲ, ಏಕೆಂದರೆ ನನ್ನ ದೂರು ಒಂದು ಕಂಪನಿಗೆ ಸೀಮಿತವಾದದ್ದಲ್ಲ. ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಎಸಿಯ ತಣ್ಣನೆಯ ಗಾಳಿ ನೇರವಾಗಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಅದನ್ನು ಪಕ್ಕಕ್ಕೆ ತಿರುಗಿಸೋಣವೆಂದು ಕೈಚಾಚಿದರೆ ಅಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರಲಿಲ್ಲ. 'ತಾಳು, ಅದು ಸ್ಕ್ರೀನಿನಲ್ಲಿದೆ' ಎಂದ ಗೆಳೆಯ, ರಸ್ತೆಯಿಂದ ಕಣ್ಣು ತೆಗೆದು, ಒಂದು ಮೆನು ತೆರೆದು, ಅದರೊಳಗೆ ಇನ್ನೊಂದನ್ನು ಹುಡುಕಿ, ಗಾಳಿಯ ಚಿತ್ರವನ್ನು ಬೆರಳಿನಿಂದ ಎಳೆದ. ಗಾಳಿಯೇನೋ ತಿರುಗಿತು. ಅಷ್ಟು ಹೊತ್ತು ನಾನು ಅವನ ಬದಲಿಗೆ ರಸ್ತೆಯನ್ನು ನೋಡುತ್ತಾ ಉಸಿರು ಬಿಗಿಹಿಡಿದು ಕುಳಿತಿದ್ದೆ. ಮನೆಗೆ ಬಂದು ಮಲಗಿ ಎದ್ದರೂ ಆ ಸಿಟ್ಟು ಇಳಿದಿಲ್ಲ.

ನನ್ನ ಹಳೆಯ ಮರ್ಸಿಡಿಸ್ ಡಬ್ಲ್ಯು124ರ ಮೇಲೆ ನನಗೆಷ್ಟು ಪ್ರೀತಿ ಎಂಬುದು ನಿಮಗೆಲ್ಲ ಗೊತ್ತು. ಆದ್ದರಿಂದ ಇದನ್ನು ಹಳೆಯದರ ಮೋಹವೆಂದು ತಳ್ಳಿಹಾಕುವವರೂ ನಿಮ್ಮಲ್ಲಿರಬಹುದು. ಹೊಸ ಕಾರು ಹೆಚ್ಚು ಚುರುಕಾಗಿದೆ, ಅದೇ ಶಕ್ತಿಗೆ ಕಡಿಮೆ ಇಂಧನ ಬಳಸುತ್ತದೆ, ಕಡಿಮೆ ಹೊಗೆ ಉಗುಳುತ್ತದೆ; ಇದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾರಿನ ಮಟ್ಟಿಗೆ ಐಷಾರಾಮ ಎಂಬ ಮಾತಿಗೆ ನಿಶ್ಚಿಂತೆ ಎಂಬ ಅರ್ಥವಿತ್ತು. ಒಳಗೆ ಕುಳಿತವರು ಕಾರನ್ನೇ ಮರೆತು ತಮ್ಮ ಯೋಚನೆಯಲ್ಲೋ ಮಾತುಕತೆಯಲ್ಲೋ ಮುಳುಗಬಹುದಿತ್ತು. ಈಗಿನ ಕಾರು ಗಳಿಗೆಗೊಮ್ಮೆ ತನ್ನತ್ತ ನೋಡೆಂದು ಕರೆಯುತ್ತದೆ.

1979ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯು126 ಎಸ್-ಕ್ಲಾಸ್‌ನ ಸೀಟು ಹೊಂದಿಸುವ ಸ್ವಿಚ್ಚನ್ನು ನೆನಪಿಸಿಕೊಳ್ಳಿ. ಬಾಗಿಲಿನ ಮೇಲೆ ಪುಟ್ಟ ಸೀಟಿನ ಆಕಾರದಲ್ಲೇ ಅದನ್ನು ಮಾಡಿದ್ದರು. ಬೆನ್ನಿನ ಭಾಗವನ್ನು ಹಿಂದಕ್ಕೆ ತಳ್ಳಿದರೆ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತಿತ್ತು, ಕೂರುವ ಭಾಗವನ್ನು ಮೇಲಕ್ಕೆತ್ತಿದರೆ ಸೀಟು ಏಳುತ್ತಿತ್ತು. ಮೊದಲ ಬಾರಿಗೆ ಆ ಕಾರು ಹತ್ತಿದವರಿಗೂ, ಕತ್ತಲೆಯಲ್ಲೂ, ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಆ ಸ್ವಿಚ್ಚನ್ನು ರೂಪಿಸಿದವರು ಕೈ ಹೇಗೆ ಯೋಚಿಸುತ್ತದೆ ಎಂಬುದನ್ನು ಎಷ್ಟು ಗಮನವಿಟ್ಟು ನೋಡಿರಬೇಕು! ಅಂಥ ಗಮನವನ್ನೇ ನಾನು ಐಷಾರಾಮ ಎಂದು ಕರೆಯುವುದು.

1989ರ ಲೆಕ್ಸಸ್ ಎಲ್‌ಎಸ್ 400 ಕೂಡ ಅದೇ ಜಾತಿಯದು. ಅದರ ಮುಖ್ಯ ಎಂಜಿನಿಯರ್ ಇಚಿರೊ ಸುಜುಕಿ, ಶಬ್ದ ಮತ್ತು ಕಂಪನಗಳನ್ನು ಹೊದಿಸಿ ಮುಚ್ಚುವುದಕ್ಕಿಂತ ಅವು ಹುಟ್ಟುವ ಜಾಗದಲ್ಲೇ ತಡೆಯಬೇಕೆಂದು ಪಟ್ಟುಹಿಡಿದರು. ಅದಕ್ಕಾಗಿ ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ಪರೀಕ್ಷಿಸಲಾಯಿತು. ಇಂದು ಎಷ್ಟೋ ದುಬಾರಿ ಕಾರುಗಳು ಎಂಜಿನ್ನಿನ ಸದ್ದನ್ನು ಸ್ಪೀಕರಿನ ಮೂಲಕ ಹುಟ್ಟಿಸಿ ಕೇಳಿಸುತ್ತವೆ. ಅಷ್ಟು ಕಷ್ಟಪಟ್ಟು ಗಳಿಸಿದ ಮೌನವನ್ನು ಹೀಗೆ ಬಿಟ್ಟುಕೊಡುವುದನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಪರದೆಯ ವಿಷಯಕ್ಕೆ ಮರಳುತ್ತೇನೆ. 2022ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಹನ್ನೊಂದು ಹೊಸ ಕಾರುಗಳ ಜೊತೆಗೆ ಗುಂಡಿಗಳೇ ಇದ್ದ 2005ರ ವೋಲ್ವೊ ವಿ70 ಕಾರೊಂದನ್ನು ಪರೀಕ್ಷಿಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ, ರೇಡಿಯೊ ಚಾನೆಲ್ ಬದಲಿಸುವಂಥ ನಾಲ್ಕು ಸಾಮಾನ್ಯ ಕೆಲಸಗಳನ್ನು ಮುಗಿಸಬೇಕಿತ್ತು. ಹಳೆಯ ವೋಲ್ವೊದಲ್ಲಿ ಅವು ಹತ್ತು ಸೆಕೆಂಡಿನಲ್ಲಿ, ಸುಮಾರು 300 ಮೀಟರ್ ದೂರದಲ್ಲಿ ಮುಗಿದವು. ಎಲ್ಲಕ್ಕಿಂತ ಹಿಂದುಳಿದ ಹೊಸ ಕಾರಿನಲ್ಲಿ 44.9 ಸೆಕೆಂಡು ಹಿಡಿಯಿತು, ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಚಾಲಕರಿಗೆ ಕಾರುಗಳನ್ನು ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು, ಹೀಗಾಗಿ 'ರೂಢಿಯಾದರೆ ಸರಿಹೋಗುತ್ತದೆ' ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಇಂಡಿಕೇಟರ್, ವೈಪರ್, ಹಾರ್ನ್‌ಗಳಂಥವಕ್ಕೆ ಪರದೆಯ ಹೊರಗೆ ಕೈಗೆ ಸಿಗುವ ಗುಂಡಿಗಳಿರಬೇಕೆಂದು, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಶ್ರೇಣಿ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ತನ್ನ ಅತ್ಯುನ್ನತ ಶ್ರೇಣಿಗೆ ಷರತ್ತು ಹಾಕಬೇಕಾಗಿ ಬಂದಿದೆ. ಹಾರ್ನ್ ಗುಂಡಿ ಇರಲಿ ಎಂದು ನಿಯಮ ಬರೆಯುವ ಸ್ಥಿತಿಗೆ ನಾವು ತಲುಪಿದ್ದೇವೆ.

ಸುರಕ್ಷತೆಯ ಮಾತನ್ನು ಯಾರಾದರೂ ಎತ್ತಿಯೇ ಎತ್ತುತ್ತೀರಿ. 2009ರಲ್ಲಿ ಅಮೆರಿಕದಲ್ಲಿ 1959ರ ಶೆವರ್ಲೆ ಬೆಲ್ ಏರ್ ಮತ್ತು 2009ರ ಮಾಲಿಬು ಕಾರುಗಳನ್ನು ಮುಖಾಮುಖಿ ಡಿಕ್ಕಿ ಹೊಡೆಸಿದ ಪರೀಕ್ಷೆಯನ್ನು ನಾನೂ ನೋಡಿದ್ದೇನೆ. ಹಳೆಯ ಕಾರಿನೊಳಗಿದ್ದ ಗೊಂಬೆಯ ಗತಿಯನ್ನು ಮರೆಯಲಾರೆ. ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ: ಮಗಳನ್ನು ಕೂರಿಸಿಕೊಂಡು ದೂರ ಹೋಗಬೇಕಾದಾಗ ನಾನು ಡಬ್ಲ್ಯು124ನ್ನು ಮನೆಯಲ್ಲೇ ಬಿಟ್ಟು ಹೊಸ ಕಾರನ್ನು ತೆಗೆಯುತ್ತೇನೆ. ಪ್ರತಿ ಸಲವೂ ಮನಸ್ಸು ಚುರ್ ಎನ್ನುತ್ತದೆ, ಆದರೂ ಹಾಗೆಯೇ ಮಾಡುತ್ತೇನೆ. ಆದರೆ ಸುರಕ್ಷತೆಗೂ ಪರದೆಗೂ ಏನು ಸಂಬಂಧ? ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ 1978ರಲ್ಲಿ ಎಸ್-ಕ್ಲಾಸ್‌ಗೆ ಬಂತು, ಚಾಲಕನ ಏರ್‌ಬ್ಯಾಗ್ 1981ರಲ್ಲಿ ಡಬ್ಲ್ಯು126ಕ್ಕೆ ಬಂತು, ಜಾರುವ ಕಾರನ್ನು ಹಿಡಿದು ನಿಲ್ಲಿಸುವ ಇಎಸ್‌ಪಿ 1995ರಲ್ಲಿ ಎಸ್-ಕ್ಲಾಸ್ ಕೂಪೆಯಲ್ಲಿ ಕಾಣಿಸಿಕೊಂಡಿತು. ಇವುಗಳಲ್ಲಿ ಒಂದೂ ಚಾಲಕನ ಕಣ್ಣನ್ನು ರಸ್ತೆಯಿಂದ ಕದಿಯಲಿಲ್ಲ. ಬೇಕಾದಾಗ ಎದ್ದು ಬಂದು, ಉಳಿದ ಹೊತ್ತಿನಲ್ಲಿ ಸುಮ್ಮನಿರುತ್ತಿದ್ದವು.

ಹಳೆಯ ಕಾರುಗಳು ಕೆಡುತ್ತಿರಲಿಲ್ಲವೆಂದೂ ನಾನು ವಾದಿಸುವುದಿಲ್ಲ. 1990ರ ದಶಕದ ಮೊದಲ ಭಾಗದ ಮರ್ಸಿಡಿಸ್‌ಗಳಲ್ಲಿ ಎಂಜಿನ್ ವೈರುಗಳ ಹೊದಿಕೆ ಪುಡಿಪುಡಿಯಾಗುತ್ತಿದ್ದದ್ದು ಎಲ್ಲರಿಗೂ ತಿಳಿದ ದೋಷ. ಆದರೆ ಕೆಟ್ಟದ್ದನ್ನು ಬಿಚ್ಚಿ, ಬದಲಿಸಿ, ಮತ್ತೆ ಓಡಿಸಬಹುದಿತ್ತು. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರ 1976ರ ಮರ್ಸಿಡಿಸ್ 240ಡಿ ಕಾರು 46 ಲಕ್ಷ ಕಿಲೋಮೀಟರ್ ಓಡಿ ಕಂಪನಿಯ ವಸ್ತುಸಂಗ್ರಹಾಲಯ ಸೇರಿತು; ಅದರ ಎಂಜಿನ್ ಹಲವು ಬಾರಿ ಬದಲಾಗಿತ್ತು ಎಂಬುದೇ ನನಗೆ ಮುಖ್ಯ. ಇಂದು ಬಾಳಿಕೆ ಕಾರಿನ ಕೈಯಲ್ಲೇ ಇಲ್ಲ. 2022ರಲ್ಲಿ ಅಮೆರಿಕದಲ್ಲಿ 3ಜಿ ಜಾಲ ಮುಚ್ಚಿದಾಗ, ಅದನ್ನು ನೆಚ್ಚಿಕೊಂಡಿದ್ದ ಅನೇಕ ಕಾರುಗಳ ತುರ್ತು ಕರೆಯಂಥ ಸೌಲಭ್ಯಗಳು ನಿಂತುಹೋದವು. ಅದೇ ವರ್ಷ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಿಸಲು ತಿಂಗಳ ಚಂದಾ ಇಟ್ಟಿತು, 2023ರಲ್ಲಿ ಕೈಬಿಟ್ಟಿತು. ಸೀಟಿನೊಳಗೆ ತಂತಿ ಆಗಲೇ ಇದೆ, ಕಾರಿನ ಹಣ ಆಗಲೇ ಕೊಟ್ಟಾಗಿದೆ, ಆದರೂ ಬೆಚ್ಚಗಾಗಲು ಅಪ್ಪಣೆ ಬೇಕು. ಇದರಲ್ಲಿ ನಿಶ್ಚಿಂತೆ ಎಲ್ಲಿಂದ ಬರಬೇಕು?

ಗೆಳೆಯ, ನೀನು ಇದನ್ನು ಓದುತ್ತೀಯೆಂದು ಗೊತ್ತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಕಾರಿನ ಸೀಟು ನನ್ನ ಸೊಂಟಕ್ಕೆ ಹಿತವಾಗಿತ್ತು, ಹೆಡ್‌ಲೈಟುಗಳ ಬೆಳಕು ಅದ್ಭುತವಾಗಿತ್ತು. ಮುಂದಿನ ಭಾನುವಾರ ನನ್ನ ಕಾರಿನಲ್ಲಿ ಹೋಗೋಣ. ನೀನೇ ಓಡಿಸು. ಎಸಿ ಕಿಂಡಿಯ ಪಕ್ಕದಲ್ಲೇ ತಿರುಗಿಸುವ ಗುಂಡಿಯಿದೆ, ನೋಡದೆಯೇ ನಿನ್ನ ಕೈಗೆ ಸಿಗುತ್ತದೆ.