ರಾಯರ ಎಣ್ಣೆ, ನನ್ನ ಹೆಬ್ಬೆಟ್ಟು

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ನಾನು ಬೆಂಗಳೂರಿನಲ್ಲಿ ಇರುವುದಿಲ್ಲ. ಹಂಪಿಯಲ್ಲಿರುತ್ತೇನೆ. ಇಸವಿ 1520. ಕೃಷ್ಣದೇವರಾಯರ ಆಸ್ಥಾನದಲ್ಲಿ ನನಗೊಂದು ಕೆಲಸ. ಕವಿ ಗಿವಿ ಏನಲ್ಲ, ಎಲೆ ಅಡಿಕೆ ತಟ್ಟೆ ಹಿಡಿದು ನಿಂತರೂ ಸಾಕು. ಓಟಿಪಿ ಇಲ್ಲ, ಇಎಂಐ ಇಲ್ಲ, ಸೋಮವಾರದ ಮೀಟಿಂಗ್ ಇಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದರೆ ಆನೆ ಘೀಳಿಟ್ಟಿತು ಅಂದುಕೊಳ್ಳುತ್ತೇನೆ.

ಇದನ್ನು ಮನೆಯಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು. "ಧಾರಾಳವಾಗಿ ಹೋಗಿ," ಅಂದಳು ಹೆಂಡತಿ. "ಟೊಮೆಟೊ ಸಾರಿಲ್ಲ, ಆಲೂಗಡ್ಡೆ ಪಲ್ಯ ಇಲ್ಲ. ಕಾಫಿನೂ ಇಲ್ಲ." ಕಾಫಿ ವಿಷಯಕ್ಕೆ ಸ್ವಲ್ಪ ಅಳುಕಿದ್ದು ನಿಜ.

ಆದರೂ ಹುಚ್ಚು ಬಿಡಲಿಲ್ಲ. ಆಗ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯರ ದಿನಚರಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯರು ಮುಕ್ಕಾಲು ಪೈಂಟ್ ಎಳ್ಳೆಣ್ಣೆ ಕುಡಿಯುತ್ತಿದ್ದರಂತೆ. ಅದೇ ಎಣ್ಣೆ ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಕುಸ್ತಿ. ಆಮೇಲೆ ಕುದುರೆ ಸವಾರಿ. ಮುಕ್ಕಾಲು ಪೈಂಟ್ ಅಂದರೆ ನಾನೂರು ಮಿಲಿಗೂ ಜಾಸ್ತಿ! ಎಳ್ಳೆಣ್ಣೆ ರೇಟು ಗೊತ್ತಲ್ವಾ? ನಾನು ಎರಡು ಚಮಚ ಕುಡಿದೆ. ಹೊಟ್ಟೆ ಆ ಕ್ಷಣಕ್ಕೆ ಸುಮ್ಮನಿತ್ತು.

ಮೈಗೆ ಮಾತ್ರ ಜಿಪುಣತನ ಮಾಡಲಿಲ್ಲ. ಭಾರಕ್ಕೆ ಹತ್ತು ಕೆಜಿ ಸೋನಾ ಮಸೂರಿ ಚೀಲ ಎತ್ತಿದೆ. ಎಣ್ಣೆ ಕೈ. ಚೀಲ ಮೀನಿನ ಹಾಗೆ ಜಾರಿ, ಡೈನಿಂಗ್ ಟೇಬಲ್ಲಿನ ಮೂಲೆಗೆ ಬಡಿದು ಹರಿಯಿತು. ಅಕ್ಕಿ ಬಾಚಲು ಹೋಗಿ ಅದರ ಮೇಲೆಯೇ ಜಾರಿ ಬಿದ್ದೆ. ಎದ್ದಾಗ ಬೆನ್ನಿಗೆಲ್ಲ ಅಕ್ಕಿ ಅಂಟಿ, ಎಣ್ಣೆಗೆ ಬಿಡಲು ರೆಡಿಯಾದ ಬೋಂಡದಂತಿದ್ದೆ. "ರಾಯರಿಗೆ ಮೈ ತೊಳೆಯೋಕೆ ಜನ ಇದ್ರು," ಅಂತ ಹೇಳಿ ಹೆಂಡತಿ ಪೊರಕೆ ಕೊಟ್ಟು ಹೋದಳು.

ಅಷ್ಟರಲ್ಲಿ ಆ ಎರಡು ಚಮಚ ತನ್ನ ಕೆಲಸ ಶುರು ಮಾಡಿತು. ವಿವರ ಬೇಡ.

ಸೀಗೆಪುಡಿ ಖಾಲಿ. ಸೋಪು ಎರಡು ಸಲ ಹಾಕಿದರೂ ಜಿಡ್ಡು ಹೋಗಲಿಲ್ಲ. ಮೊಬೈಲು ನನ್ನ ಬೆರಳನ್ನು ಗುರುತಿಸಲಿಲ್ಲ. ಆಫೀಸಿನ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿದೆ, ಮಷಿನ್ನು ಕೆಂಪು ದೀಪ ತೋರಿಸಿ ಕೀಂ ಅಂದಿತು. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದೆ. ಕೀಂ. ಹಿಂದೆ ಸಾಲು ಬೆಳೆಯಿತು.

ಸೆಕ್ಯೂರಿಟಿಯವರು ಮೂಗೆಳೆದು ನೋಡಿ, "ಏನ್ ಸಾರ್, ಇವತ್ತು ದೀಪಾವಳಿನಾ?" ಅಂದರು. ಮೇಜಿನ ಕೆಳಗಿಂದ ಧೂಳು ಕೊಡವಿ ಹಳೇ ಹಾಜರಿ ಪುಸ್ತಕ ತೆಗೆದರು. ಜೊತೆಗೆ ದಾರ ಕಟ್ಟಿದ ಪೆನ್ನು. ನಾನು ಸಹಿ ಹಾಕಿ, ಸಮಯ 10.40 ಅಂತ ಬರೆದೆ. ಇಸವಿಯ ಜಾಗದಲ್ಲಿ ಮಾತ್ರ ಒಂದು ಗಳಿಗೆ ಕೈ ತಡೆಯಿತು.