ಟಾಸ್ಕ್ ಫೈಲು ರೆಪೊದಲ್ಲಿ ಇರಬೇಕೇ?: ಪರ-ವಿರೋಧ

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವುದು) ಮತ್ತು ಟೆಸ್ಟ್ ಓಡಿಸುವ ಕಮಾಂಡುಗಳನ್ನು ಟಾಸ್ಕ್ಸ್ ಡಾಟ್ ಜೇಸನ್ ಅನ್ನೋ ಫೈಲಿನಲ್ಲಿ ಬರೆದಿಡಬಹುದು. ಆ ಫೈಲನ್ನು ರೆಪೊಗೆ, ಅಂದರೆ ತಂಡದ ಕೋಡನ್ನು ಅದರ ಹಳೇ ಬದಲಾವಣೆಗಳ ಸಮೇತ ಗಿಟ್ ಅನ್ನೋ ಟೂಲು ಕಾಪಿಡುವ ಜಾಗಕ್ಕೆ, ಸೇರಿಸಿ ಇಡೀ ತಂಡಕ್ಕೆ ಹಂಚಬೇಕೇ? ಅಥವಾ ಅವರವರದು ಅವರವರ ಯಂತ್ರದಲ್ಲೇ ಇರಲಿ ಎಂದು ಬಿಡಬೇಕೇ?

ಪರ: ಒಬ್ಬರು ಪಟ್ಟ ಪಾಡು ಸಾಕು

ಹೊಸ ತಂಡಕ್ಕೆ ಸೇರಿದ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದನ್ನ ಬಿಲ್ಡ್ ಮಾಡೋದು ಹೇಗೆ?" ರೀಡ್‌ಮೀ ತೆಗೆದರೆ ಅದು ಯಾವ ಕಾಲದ್ದೋ. ಪಕ್ಕದವರನ್ನು ಕೇಳಿದರೆ ಟರ್ಮಿನಲ್‌ನಲ್ಲಿ ಮೇಲಿನ ಬಾಣ ಒತ್ತಿ ಒತ್ತಿ ಒಂದು ಉದ್ದನೆಯ ಸಾಲು ಹುಡುಕಿ ಕಳಿಸುತ್ತಾರೆ. ಅದರಲ್ಲಿರುವ ನಾಲ್ಕು ಫ್ಲ್ಯಾಗ್‌ಗಳಲ್ಲಿ (ಕಮಾಂಡಿಗೆ ಕೊಡುವ ಆಯ್ಕೆಗಳಲ್ಲಿ) ಎರಡು ಯಾಕಿವೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ಟಾಸ್ಕ್ ಫೈಲು ಇದ್ದರೆ ಕಂಟ್ರೋಲ್-ಶಿಫ್ಟ್-ಬಿ ಒತ್ತಿದರೆ ಆಯ್ತು. ಟಾಸ್ಕನ್ನು ಬಿಲ್ಡ್ ಗುಂಪಿಗೆ ಸೇರಿಸಿ, ಇದೇ ಡೀಫಾಲ್ಟ್ ಎಂದು ಗುರುತು ಹಾಕಿದ್ದರೆ ಸಾಕು. (ಟೆಸ್ಟ್‌ಗೆ ಮಾತ್ರ ಇಂಥ ಶಾರ್ಟ್‌ಕಟ್ ಮೊದಲೇ ಕೊಟ್ಟಿಲ್ಲ, ನಾವೇ ಹಾಕಿಕೊಳ್ಳಬೇಕು. ಟೆಸ್ಟ್ ಅಂದರೆ ಯಾಕೋ ಎಲ್ಲ ಕಡೆ ಮಲತಾಯಿ ಧೋರಣೆ.)

ಆದರೆ ನಾನು ಇಷ್ಟು ವಾದ ಮಾಡುವುದು ಶಾರ್ಟ್‌ಕಟ್‌ಗಾಗಿ ಅಲ್ಲ, ಪ್ರಾಬ್ಲಮ್ ಮ್ಯಾಚರ್‌ಗಾಗಿ. ಕೋಡನ್ನು ಪ್ರೋಗ್ರಾಮ್ ಆಗಿಸುವ ಕಂಪೈಲರ್ ಉಗುಳುವ ಸಂದೇಶಗಳ ರಾಶಿಯಿಂದ ಫೈಲಿನ ಹೆಸರು, ಸಾಲಿನ ಸಂಖ್ಯೆ, ಏನು ತಪ್ಪು ಅನ್ನೋದನ್ನ ಹೆಕ್ಕಿ, ಕೋಡಿನಲ್ಲಿ ಅದೇ ಜಾಗಕ್ಕೆ ಕೆಂಪು ಗೆರೆ ಎಳೆಯುವುದು ಇದೇ. ಟೈಪ್‌ಸ್ಕ್ರಿಪ್ಟ್, ಜಿಸಿಸಿಯಂಥ ಕಂಪೈಲರ್‌ಗಳಿಗೆ ಸಿದ್ಧ ಮ್ಯಾಚರ್‌ಗಳಿವೆ. ನಿಮ್ಮ ಟೂಲು ಸ್ವಲ್ಪ ವಿಚಿತ್ರದ್ದಾದರೆ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ ಮಾದರಿ ಹುಡುಕುವ ಸೂತ್ರ) ನೀವೇ ಬರೆಯಬೇಕು. ಫೈಲಿನ ದಾರಿ ಬಿಲ್ಡ್ ಫೋಲ್ಡರಿನಿಂದ ಶುರುವೋ, ಪ್ರಾಜೆಕ್ಟಿನ ಮೇಲಿನ ಫೋಲ್ಡರಿನಿಂದ ಶುರುವೋ ಅಂತ ತಲೆ ಕೆರೆದುಕೊಳ್ಳಬೇಕು. ಅರ್ಧ ದಿನ ನುಂಗುವ ಕೆಲಸ ಅದು. ಒಬ್ಬರು ಮಾಡಿಟ್ಟ ಮೇಲೂ ಉಳಿದ ಎಂಟು ಜನ ತಲಾ ಅರ್ಧ ದಿನ ಕಳೆಯಬೇಕಾ?

ಇನ್ನೊಂದು. ಬಗ್ ಹುಡುಕುತ್ತಾ ಆರು ತಿಂಗಳ ಹಿಂದಿನ ಕಮಿಟ್‌ಗೆ (ಗಿಟ್ ಉಳಿಸಿಟ್ಟ ಕೋಡಿನ ಆಗಿನ ಸ್ಥಿತಿಗೆ) ಹೋಗಿದ್ದೀರಿ ಅನ್ನಿ. ಆಗಿನ ಬಿಲ್ಡ್ ರೀತಿಯೇ ಬೇರೆ ಇತ್ತು. ಫೈಲು ರೆಪೊದಲ್ಲಿದ್ದರೆ ಅದೂ ಕೋಡಿನ ಜೊತೆ ಹಿಂದಕ್ಕೆ ಹೋಗುತ್ತದೆ. ನನ್ನ ಯಂತ್ರದ ಸ್ವಂತ ಸೆಟ್ಟಿಂಗ್ ಹೋಗುವುದಿಲ್ಲ.

ಎಲ್ಲರೂ ವಿಎಸ್ ಕೋಡ್ ಬಳಸಲ್ಲ ಅಂತೀರಿ. ಬಳಸದವರಿಗೆ ಅದರಿಂದ ಏನು ತೊಂದರೆ? ಒಂದು ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ.

ವಿರೋಧ: ಬಿಲ್ಡ್‌ನ ಗುಟ್ಟು ಎಡಿಟರಿನ ಜೇಬಿಗೆ ಬೇಡ

ಸುಮ್ನೆ ಬಿದ್ದಿರುವುದಿಲ್ಲ, ಅದೇ ತಕರಾರು. ಮೊದಲು ಒಂದು ಸಾಲಿನ ಟಾಸ್ಕ್ ಬರುತ್ತದೆ. ಆಮೇಲೆ ಯಾರೋ ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಸೇರಿಸುತ್ತಾರೆ. ಆಮೇಲೆ ವಿಂಡೋಸ್‌ಗೆ ಬೇರೆ ಕಮಾಂಡ್, ಲಿನಕ್ಸ್‌ಗೆ ಬೇರೆ. ಶೆಲ್ ಟಾಸ್ಕ್‌ಗಳು ಓಡುವುದು ಅವರವರ ಯಂತ್ರದ ಶೆಲ್‌ನಲ್ಲಿ (ಕಮಾಂಡು ಓದಿ ಓಡಿಸುವ ಪ್ರೋಗ್ರಾಮ್‌ನಲ್ಲಿ) ಅಲ್ವಾ? ಲಿನಕ್ಸ್‌ನ ಬ್ಯಾಷ್‌ನಲ್ಲಿ ಎರಡು ಕಮಾಂಡುಗಳ ನಡುವೆ && ಹಾಕಿದರೆ ನಡೆಯುತ್ತದೆ, ವಿಂಡೋಸ್‌ನ ಪವರ್‌ಶೆಲ್ 5.1ರಲ್ಲಿ ಅದೇ ಸಾಲು ಎರರ್ ಕೊಡುತ್ತದೆ. ಇಷ್ಟೆಲ್ಲ ತೇಪೆ ಹಾಕಿದ ಫೈಲನ್ನು ಸಿಐ ಸರ್ವರ್ (ತಂಡದ ಕೋಡು ಬದಲಾದಾಗ ತಾನೇ ಬಿಲ್ಡ್, ಟೆಸ್ಟ್ ಓಡಿಸುವ ಯಂತ್ರ) ಓದುವುದೇ ಇಲ್ಲ. ಅದಕ್ಕೆ ಅದರದೇ ಯಾಮಲ್ ಫೈಲು ಬೇಕು. ಒಂದು ಬಿಲ್ಡ್‌ಗೆ ಈಗ ಎರಡು ಜಾತಕ.

ಇಂಥ ಫೈಲಿನಿಂದ ನಾನೊಮ್ಮೆ ಬೇಸ್ತು ಬಿದ್ದಿದ್ದೇನೆ. ಅದರಲ್ಲಿ ಒಂದು ದೊಡ್ಡ ಟಾಸ್ಕ್ ಇತ್ತು. ಅದು ಬಿಲ್ಡ್, ಟೆಸ್ಟ್ ಎರಡನ್ನೂ ಅವಲಂಬಿಸಿತ್ತು. ನಾನು ಬಗ್ ತಿದ್ದಿ ಓಡಿಸಿದೆ. ಟೆಸ್ಟ್ ಫೇಲ್. ಏನೂ ಮುಟ್ಟದೆ ಮತ್ತೆ ಓಡಿಸಿದೆ. ಪಾಸ್! ಬೇರೆ ಕಡೆ ಬೇಕಂತಲೇ ತಪ್ಪು ಸೇರಿಸಿದೆ. ಆಗಲೂ ಪಾಸ್. ಟೆಸ್ಟೇ ಸರಿಯಿಲ್ಲ ಅಂತ ಅದನ್ನು ಬೈಯುತ್ತಾ ಒಂದಿಡೀ ಸಂಜೆ ಹೋಯಿತು. ಕೊನೆಗೆ ತಿಳಿದಿದ್ದು ಇಷ್ಟು: ಅವಲಂಬನೆಯ ಪಟ್ಟಿಯಲ್ಲಿರುವ ಟಾಸ್ಕ್‌ಗಳು ಒಂದಾದ ಮೇಲೊಂದು ಓಡುವುದಿಲ್ಲ, ಒಟ್ಟಿಗೇ ಶುರುವಾಗುತ್ತವೆ. ಸರದಿಯಲ್ಲಿ ಓಡಲಿ ಅಂತ ಬೇರೆಯಾಗಿ ಬರೆಯಬೇಕು. ಬಿಲ್ಡ್ ಮುಗಿಯುವ ಮುಂಚೆಯೇ ಟೆಸ್ಟ್ ಹಳೇ ಬಿಲ್ಡ್ ಮೇಲೆ ಓಡಿ ಮುಗಿಯುತ್ತಿತ್ತು. ನಾನು ಪ್ರತಿ ಸಲ ನೋಡುತ್ತಿದ್ದದ್ದು ಹಿಂದಿನ ಸಲದ ಫಲಿತಾಂಶ. ಈ ತಪ್ಪನ್ನು ಬರೆದವರು ಒಬ್ಬರು, ಗಿಟ್ ಅದನ್ನು ಇಡೀ ತಂಡಕ್ಕೆ ಹಂಚಿತ್ತು.

ಮ್ಯಾಚರ್ ಬಗ್ಗೆ ಎದುರಿನವರು ಹೇಳಿದ್ದು ಸರಿ. ಆದರೆ ಟೂಲಿನ ಮುಂದಿನ ಆವೃತ್ತಿಯಲ್ಲಿ ಎರರ್ ಬರೆಯುವ ರೀತಿ ಚೂರು ಬದಲಾದರೆ ಆ ರೆಜೆಕ್ಸ್ ಗಪ್‌ಚುಪ್ ಆಗುತ್ತದೆ. ಬಿಲ್ಡ್ ಕೆಟ್ಟಿರುತ್ತದೆ, ಪ್ರಾಬ್ಲಮ್ಸ್ ಪಟ್ಟಿ ಖಾಲಿ. ಕೆಂಪು ಗೆರೆ ಇಲ್ಲ ಅಂದ ಮೇಲೆ ಟರ್ಮಿನಲ್ ಕಡೆ ಕಣ್ಣು ಹಾಯಿಸುವವರು ಎಷ್ಟು ಜನ?

ಇನ್ನು ಭದ್ರತೆ. ಫೋಲ್ಡರ್ ತೆರೆದ ಕೂಡಲೇ ಓಡುವಂತೆ ಟಾಸ್ಕ್ ಬರೆಯಲು ಬರುತ್ತದೆ. ಅಪರಿಚಿತರ ರೆಪೊದಲ್ಲಿ ಅಂಥದ್ದೊಂದು ಕೂತಿದ್ದರೆ? 2021ರಿಂದ ವಿಎಸ್ ಕೋಡ್ "ಈ ಫೋಲ್ಡರನ್ನು ನಂಬುತ್ತೀರಾ" ಎಂದು ಕೇಳುತ್ತದೆ, ನಿಜ. ನಾವು ಆ ಪ್ರಶ್ನೆಗೆ ಎಷ್ಟು ಯೋಚಿಸಿ ಹೌದು ಒತ್ತುತ್ತೇವೆ ಅಂತ ನಮಗೇ ಗೊತ್ತು.

ಹಾಗಾದರೆ ಬಿಲ್ಡ್ ಎಲ್ಲಿರಬೇಕು? ಒಂದು ಸ್ಕ್ರಿಪ್ಟ್‌ನಲ್ಲಿ, ಅಥವಾ ಮೇಕ್ ಅನ್ನೋ ಬಿಲ್ಡ್ ಟೂಲು ಓದುವ ಮೇಕ್‌ಫೈಲ್‌ನಲ್ಲಿ. ಮೇಕ್ ಹುಟ್ಟಿದ್ದು 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಟ್ಯಾಬ್ ಬದಲು ಸ್ಪೇಸ್ ಹಾಕಿದರೆ ಇವತ್ತಿಗೂ ರೇಗುತ್ತದೆ, ಇರಲಿ. ಅದನ್ನು ಸಿಐ ಕರೆಯಬಲ್ಲದು, ವಿಮ್ ಎಡಿಟರ್ ಕರೆಯಬಲ್ಲದು, ಈಮ್ಯಾಕ್ಸ್ ಎಡಿಟರ್ ಕರೆಯಬಲ್ಲದು, ಬರೀ ಟರ್ಮಿನಲ್ ಇಟ್ಟುಕೊಂಡವರೂ ಕರೆಯಬಹುದು. ಹಳೇ ಕಮಿಟ್‌ಗೆ ಹೋದರೆ ಅದೂ ಜೊತೆಗೇ ಬರುತ್ತದೆ.

ಮ್ಯಾಚರ್ ಬೇಕೇ ಬೇಕು ಅನ್ನುವವರಿಗೆ ಡಾಕ್ಸ್ ಫೋಲ್ಡರಿನಲ್ಲಿ ಒಂದು ಮಾದರಿ ಟಾಸ್ಕ್ ಫೈಲು ಇಟ್ಟರೆ ಆಯ್ತು. ಬೇಕಾದವರು ನಕಲು ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡಿದ್ದೇನೆ.