ಬಿಡುಗಡೆಯ ಹಿಂದಿನ ಸಂಜೆ

ಊರಿಂದ ಕಲಾವಿದ ಗೆಳೆಯರೊಬ್ಬರು ತಮ್ಮ ಪ್ರದರ್ಶನದ ಕ್ಯಾಟಲಾಗ್ ಕಳಿಸಿದ್ದರು. ದಪ್ಪ ಮುಖಪುಟ, ಹೊಳೆಯುವ ಆರ್ಟ್ ಪೇಪರ್. ಖುಷಿಯಲ್ಲಿ ಆಫೀಸಿಗೆ ಒಯ್ದು ನನ್ನ ಜರ್ಮನ್ ಸಹೋದ್ಯೋಗಿಯ ಕೈಗಿಟ್ಟೆ. ಅವಳು ಒಂದೊಂದೇ ಪುಟ ತಿರುವಿ, ಚೆನ್ನಾಗಿದೆ ಅಂದಳು. ಆಮೇಲೆ ಒಂದು ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು: "ಇದು ಅಂಗೈಯಷ್ಟಿದೆಯೋ, ಗೋಡೆಯಷ್ಟಿದೆಯೋ?"

ಪುಟದಲ್ಲಿ ಹುಡುಕಿದೆ. ಚಿತ್ರದ ಹೆಸರಿತ್ತು. ಅಳತೆ ಇರಲಿಲ್ಲ, ಇಸವಿ ಇರಲಿಲ್ಲ. ತೈಲವರ್ಣವೋ ಅಕ್ರಿಲಿಕ್ಕೋ ಅನ್ನುವುದೂ ಇರಲಿಲ್ಲ. ಮೊದಲ ಪುಟಗಳಲ್ಲಿ ಮಾತ್ರ ಶುಭ ಸಂದೇಶಗಳು ಸಾಲಾಗಿದ್ದವು, ಒಬ್ಬೊಬ್ಬರಿಗೂ ಒಂದು ಫೋಟೋ, ಒಂದು ಸಹಿ. "ಇವರೆಲ್ಲ ಈ ಪ್ರದರ್ಶನದ ಕಲಾವಿದರಾ?" ಅಂತ ಕೇಳಿದಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕುಹಕದಿಂದ ಕೇಳಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ನಾನು ಇಲ್ಲಿ, ಜರ್ಮನಿಯಲ್ಲಿ, ಪುಸ್ತಕ ವಿನ್ಯಾಸ ಮಾಡಿಕೊಂಡಿರುವವನು. ಅದಕ್ಕೂ ಮೊದಲು ನಮ್ಮಲ್ಲೇ ಅದೇ ಕೆಲಸ ಮಾಡುತ್ತಿದ್ದೆ. ಎರಡೂ ಕಡೆಯ ಪ್ರೆಸ್ಸಿನಲ್ಲಿ ನಿದ್ದೆಗೆಟ್ಟವನು ಅಂದರೂ ಸರಿ. ನನಗೆ ಕಾಣುವ ದೊಡ್ಡ ವ್ಯತ್ಯಾಸ ಮೆಷಿನ್ನಿನದ್ದಲ್ಲ, ಅದೇ ಹೈಡೆಲ್‌ಬರ್ಗ್ ಕಂಪನಿಯ ಮೆಷಿನ್ ಅಲ್ಲೂ ಇದೆ, ಇಲ್ಲೂ ಇದೆ. ನಮ್ಮಲ್ಲಿ ಕ್ಯಾಟಲಾಗ್ ಬೇಕಾಗುವುದು ಬಿಡುಗಡೆಯ ದಿನಕ್ಕೆ. ವೇದಿಕೆ ಮೇಲೆ ರಿಬ್ಬನ್ ಬಿಚ್ಚಿ, ಎಲ್ಲರೂ ಎದೆಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡರೆ ಅದರ ಕೆಲಸ ಮುಕ್ಕಾಲು ಮುಗಿದಂತೆ. ಇಲ್ಲಿ ಅದು ಬೇಕಾಗುವುದು ಪ್ರದರ್ಶನ ಮುಗಿದ ಮೇಲೆ. ಚಿತ್ರಗಳು ಗೋಡೆಯಿಂದ ಇಳಿದು ಯಾರ್‍ಯಾರದೋ ಮನೆ ಸೇರಿ ಎಷ್ಟೋ ವರ್ಷ ಆದಮೇಲೆ, ಒಬ್ಬ ವಿದ್ಯಾರ್ಥಿ ಲೈಬ್ರರಿಯಲ್ಲಿ ಆ ಪುಸ್ತಕ ತೆಗೆದರೆ ಅವನ ಪಾಲಿಗೆ ಪ್ರದರ್ಶನ ಅಂದರೆ ಅಷ್ಟೇ. ಅದಕ್ಕೇ ಚಿತ್ರದ ಕೆಳಗೆ ಹೆಸರು, ಇಸವಿ, ಮಾಧ್ಯಮ, ಅಳತೆ, ಯಾರ ಸಂಗ್ರಹ ಎಲ್ಲವೂ ಬೇಕು. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಕೆಲವು ಗ್ಯಾಲರಿಗಳಂತೂ ಬೇಕಂತಲೇ ಕ್ಯಾಟಲಾಗನ್ನು ತಡವಾಗಿ ತರುತ್ತವೆ, ಗೋಡೆಗೆ ತೂಗುಹಾಕಿದ ಚಿತ್ರಗಳ ಫೋಟೋನೂ ಒಳಗೆ ಸೇರಲಿ ಅಂತ. ಈ ಮಾತನ್ನು ನಮ್ಮಲ್ಲಿ ಒಬ್ಬರಿಗೆ ಹೇಳಿದೆ. "ಹಾಗಾದ್ರೆ ಉದ್ಘಾಟನೆ ದಿನ ಏನು ಬಿಡುಗಡೆ ಮಾಡೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಾರೀಕಿಗೆ ಕಟ್ಟುಬಿದ್ದಮೇಲೆ ಮೊದಲು ಬಲಿಯಾಗುವುದು ಪ್ರೂಫ್, ಅಂದರೆ ಅಚ್ಚಿಗೆ ಹೋಗುವ ಮೊದಲು ಬಣ್ಣ ನೋಡಿ ಒಪ್ಪುವ ಮಾದರಿ. ಕಲಾವಿದ ಬಳಿದ ಬಣ್ಣಕ್ಕೂ ಹಾಳೆಯ ಮೇಲೆ ಬೀಳುವ ಬಣ್ಣಕ್ಕೂ ಒಂದು ಜಗಳ ಇದ್ದೇ ಇರುತ್ತದೆ. ಪ್ರೆಸ್ಸಿನ ಹತ್ತಿರ ಇರುವುದು ನಾಲ್ಕು ಇಂಕು: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಆ ನಾಲ್ಕರಲ್ಲಿ ಹಿಡಿಯಲಾಗದ ಬಣ್ಣಗಳು ಬೇಕಾದಷ್ಟಿವೆ. ಅಲ್ಟ್ರಾಮರೀನ್ ನೀಲಿ ಅದರಲ್ಲೊಂದು, ಉರಿಯುವ ಕಿತ್ತಳೆ ಇನ್ನೊಂದು. ಅಚ್ಚಿನಲ್ಲಿ ನೀಲಿ ಬರುವುದು ಸಯಾನ್ ಮೇಲೆ ಮೆಜೆಂಟಾ ಬಿದ್ದು. ಎರಡೂ ಹೆಚ್ಚುಕಮ್ಮಿ ಸಮಸಮ ಬಿದ್ದರೆ ನೀಲಿ ಹೋಗಿ ನೇರಳೆ ಆಗುತ್ತದೆ. ಫೋನಿನ ಪರದೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಪರದೆ ತಾನೇ ಬೆಳಗುತ್ತದೆ, ಹಾಳೆ ಬೆಳಗುವುದಿಲ್ಲ.

ನಮ್ಮಲ್ಲಿ ಪ್ರೂಫ್ ಬರುವುದು ವಾಟ್ಸಾಪಿನಲ್ಲಿ. ಕಲಾವಿದರು ಬಸ್ಸಿನಲ್ಲಿ ಕೂತು ನೋಡಿ "ಓಕೆ" ಅಂತ ಹಾಕುತ್ತಾರೆ. ನಾನು ಹಿಂದೆ ಮಾಡಿದ ಒಂದು ಕ್ಯಾಟಲಾಗಿನಲ್ಲಿ ಹೀಗೇ ಆಯಿತು. ಬಿಡುಗಡೆಯ ಹಿಂದಿನ ರಾತ್ರಿ ಶೀಟು ಹೊರಗೆ ಬಂದಾಗ ಒಂದು ಚಿತ್ರದಲ್ಲಿದ್ದ ನೀಲಿ ಕೆರೆ ಪೂರ್ತಿ ನೇರಳೆ. ಪ್ರೆಸ್ಸಿನವರು ಸಮಾಧಾನ ಹೇಳಿದರು: "ಲ್ಯಾಮಿನೇಷನ್ ಆದ್ಮೇಲೆ ಸರಿ ಹೋಗುತ್ತೆ ಸರ್." ಲ್ಯಾಮಿನೇಷನ್ ಇದ್ದದ್ದು ಮುಖಪುಟಕ್ಕೆ. ಕೆರೆ ಇದ್ದದ್ದು ಒಳಗೆ.

ಇಲ್ಲಿ ಪ್ರೂಫ್ ಅಂದರೆ ಒಂದು ಹಾಳೆ, ಅದರ ಅಂಚಿನಲ್ಲಿ ಪುಟ್ಟ ಪುಟ್ಟ ಬಣ್ಣದ ಚೌಕಗಳ ಪಟ್ಟಿ. ಅಚ್ಚಿನ ಬಗ್ಗೆ ಸಂಶೋಧನೆ ಮಾಡುವ, ಮ್ಯೂನಿಕ್ ಹತ್ತಿರದ ಫೋಗ್ರಾ ಸಂಸ್ಥೆ ಗೊತ್ತುಮಾಡಿದ ಬಣ್ಣದ ಅಂಕಿಗಳ ಪಟ್ಟಿಗಳಿವೆ: ಆರ್ಟ್ ಪೇಪರಿಗೆ ಫೋಗ್ರಾ 51, ಕೋಟಿಂಗ್ ಇಲ್ಲದ ಕಾಗದಕ್ಕೆ ಫೋಗ್ರಾ 52. ಆ ಚೌಕಗಳನ್ನು ಯಂತ್ರದಲ್ಲಿ ಅಳೆದು, ಅಂಕಿ ತಾಳೆಯಾದರೆ ಮಾತ್ರ ಪ್ರೂಫ್ ಅಂತ ಒಪ್ಪುತ್ತಾರೆ. ನೋಡುವುದು ಕೂಡ ಹಗಲಿನಂಥ 5000 ಕೆಲ್ವಿನ್ ಬೆಳಕಿನ ಕೆಳಗೇ. ಟ್ಯೂಬ್‌ಲೈಟಿನಲ್ಲಿ ಒಂದು ಬಣ್ಣ, ಕಿಟಕಿ ಹತ್ತಿರ ಇನ್ನೊಂದು ಬಣ್ಣ ಅನ್ನುವ ವಾದಕ್ಕೆ ಜಾಗವೇ ಇರಬಾರದು ಅಂತ. ಆಗುವುದಾದರೆ ಮೂಲ ಚಿತ್ರವನ್ನೂ ಪಕ್ಕದಲ್ಲಿ ಇಡುತ್ತಾರೆ. ನೀಲಿ ನೇರಳೆಗೆ ತಿರುಗುತ್ತಿದ್ದರೆ ಫೈಲಿನಲ್ಲೇ ಮೆಜೆಂಟಾ ಇಳಿಸುತ್ತಾರೆ. ಅದರಲ್ಲೂ ಆಗದಿದ್ದರೆ ಐದನೇ ಇಂಕಾಗಿ ಒಂದು ಸ್ಪೆಷಲ್ ನೀಲಿ. ಎಲ್ಲ ಆದಮೇಲೆ ಪ್ರೂಫಿನ ಮೇಲೆ ಒಬ್ಬರು ಸಹಿ ಹಾಕಬೇಕು. ಪೆನ್ನಿನಲ್ಲಿ, ತಾರೀಕು ಬರೆದು. ಅಲ್ಲಿಂದ ಆ ಬಣ್ಣ ಅವರ ತಲೆಗೆ.

ಇದನ್ನೆಲ್ಲ ಮೊದಲ ಸಲ ನೋಡಿದಾಗ ನನಗೆ ಅತಿ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಬಣ್ಣ ಅಂದರೆ ಕಣ್ಣಲ್ಲಿ ನೋಡುವುದಲ್ವಾ, ಅಳೆಯುವುದು ಏನು? ಆಮೇಲೆ ಮೆಷಿನ್ ಮುಂದೆ ನಿಂತಾಗ ಗೊತ್ತಾಯಿತು. ದೊಡ್ಡ ಶೀಟಿನ ಒಂದು ಬದಿಗೆ ಎಂಟು ಪುಟ, ಎರಡೂ ಬದಿ ಸೇರಿ ಹದಿನಾರು ಪುಟದ ಒಂದು ಫಾರಂ. ಇಂಕು ಬಿಡುವ ಕೀಲಿಗಳು ಶೀಟಿನ ಅಗಲಕ್ಕೆ ಸಾಲಾಗಿರುತ್ತವೆ. ಶೀಟು ಸಾಗುವ ದಿಕ್ಕಿನಲ್ಲಿ ಒಂದೇ ನೇರಕ್ಕೆ ಬರುವ ಎಲ್ಲ ಪುಟಗಳಿಗೂ ಇಂಕು ಅದೇ ಕೀಲಿಯದು. ಮೇಲಿನ ಪುಟದ ದಾಸವಾಳ ಕೆಂಪಗಾಗಲಿ ಅಂತ ಮೆಜೆಂಟಾ ಏರಿಸಿದರೆ, ಅದರ ಕೆಳಗಿನ ಪುಟದ ಹೆಂಗಸಿನ ಕೆನ್ನೆಯೂ ಕೆಂಪಾಗುತ್ತದೆ. ನಮ್ಮಲ್ಲಿ ಎಷ್ಟು ಸಲ ಮೆಷಿನ್ ಹತ್ತಿರ ನಿಂತು "ಸ್ವಲ್ಪ ಏರ್‍ಸಿ, ಇನ್ನೂ ಸ್ವಲ್ಪ" ಅಂದವರನ್ನು ನೋಡಿದ್ದೇನೆ! ಆಪರೇಟರ್ ಪಾಪ ಏರಿಸುತ್ತಾನೆ. ಹೇಳಿದವರು ತಮ್ಮ ಚಿತ್ರ ನೋಡಿ ಖುಷಿಯಾಗಿ ಮನೆಗೆ ಹೋಗುತ್ತಾರೆ. ಪಕ್ಕದ ಕಲಾವಿದರಿಗೆ ಏನಾಯಿತು ಅಂತ ಗೊತ್ತಾಗುವುದು ಬಿಡುಗಡೆಯ ದಿನ. ಬಣ್ಣ ತಿದ್ದಬೇಕಾದ ಜಾಗ ಪ್ರೂಫು. ಮೆಷಿನ್ ಓಡುವಾಗ ತಿದ್ದುವುದು ಮದುವೆ ಮನೆಯಲ್ಲಿ ಜಾತಕ ಬಿಚ್ಚಿದಂತೆ.

ಕಾಗದ, ಬೈಂಡಿಂಗಿನ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ಹೊಳೆಯುವುದೆಲ್ಲ ಒಳ್ಳೆಯ ಕಾಗದ ಅನ್ನುವ ನಂಬಿಕೆ ನಮ್ಮಲ್ಲಿ ಯಾಕೋ ಹೋಗುವುದೇ ಇಲ್ಲ. ಇದ್ದಿಲಿನ ರೇಖಾಚಿತ್ರವನ್ನು ಗ್ಲಾಸಿ ಹಾಳೆಯಲ್ಲಿ ಹಾಕಿದರೆ ಇದ್ದಿಲಿನ ಗುಣವೇ ಸತ್ತುಹೋಗುತ್ತದೆ. ಇನ್ನು ಬೆನ್ನಿಗೆ ಬರೀ ಗೋಂದು ಹಾಕುವ ಪರ್ಫೆಕ್ಟ್ ಬೈಂಡಿಂಗ್. ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಸಂದಿಯಲ್ಲಿ ಮಾಯ. ಬಲವಂತ ಮಾಡಿ ಬಿಡಿಸಿದರೆ ಹಾಳೆ ಕೈಗೆ ಬರುತ್ತದೆ. ದಾರದಲ್ಲಿ ಹೊಲಿಸಿ ಅಂದರೆ "ಟೈಮಿಲ್ಲ" ಅನ್ನುತ್ತಾರೆ, ಮತ್ತೆ ಅದೇ ತಾರೀಕು.

ಇಷ್ಟು ಬೈದಮೇಲೆ ಇಲ್ಲಿಯವರ ಬಗ್ಗೆಯೂ ಒಂದು ಮಾತು ಹೇಳಬೇಕು. ಹೇಳುವುದಕ್ಕೆ ಅಷ್ಟೇನೂ ಇಷ್ಟವಿಲ್ಲ.

ಒಂದು ಕ್ಯಾಟಲಾಗಿನಲ್ಲಿ ಕನ್ನಡ ಬರಹವೂ ಇತ್ತು. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನಿನಲ್ಲಿ, ನಮ್ಮಂಥ ಲಿಪಿಗಳಿಗೆಂದೇ ಇರುವ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಆರಿಸದೆ ಕನ್ನಡ ಹಾಕಿದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಇಲ್ಲಿ ಹಾಗೇ ಆಗಿತ್ತು, ಕೆಳಗೆ ಕೂರಬೇಕಾದವು ಸಾಲಿನಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ಅದರ ಜೊತೆ ಇಂಗ್ಲಿಷಿಗೆ ಕೊಡುವಷ್ಟೇ ಸಾಲಿನ ಅಂತರ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ. ಎಲ್ಲ ಅಂಕಿಗಳೂ ಸರಿಯಾಗಿದ್ದವು, ಯಾರಿಗೂ ಏನೂ ತಪ್ಪು ಕಾಣಲಿಲ್ಲ. ನನ್ನ ಕಣ್ಣಿಗೆ ಬೀಳದಿದ್ದರೆ ಹಾಗೇ ಅಚ್ಚಾಗುತ್ತಿತ್ತು. ನಮ್ಮ ಡಿಟಿಪಿಯವರು ಯಾವ ಅಂಕಿಯೂ ಇಲ್ಲದೆ, ನೋಡಿದ ತಕ್ಷಣ ಸಾಲು ಬಿಡಿಸಿಬಿಡುತ್ತಾರೆ.

ಇದಕ್ಕಿಂತ ಕಸಿವಿಸಿ ಆದದ್ದು ಇನ್ನೊಂದು ಪುಸ್ತಕದಲ್ಲಿ. ಒಂದು ಅಮೂರ್ತ ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿತ್ತು. ಫೈಲಿನಲ್ಲೇ ಹಾಗಿತ್ತು, ಪ್ರೂಫಿನಲ್ಲೂ ಹಾಗೇ ಬಂದಿತ್ತು, ಗ್ಯಾಲರಿಯವರು ಸಹಿ ಹಾಕಿದ್ದರು. ಪುಸ್ತಕ ಕೈಗೆ ಬಂದಮೇಲೆ ಆಪರೇಟರ್ ಹೇಳಿದ್ದು ಕೇಳಿ: ಮೂಲೆಯಲ್ಲಿ ಕಲಾವಿದನ ಹೆಸರು ತಿರುಗಾಮುರುಗಾ ಕಂಡಿತ್ತಂತೆ, ಆದರೆ ಸಹಿ ಆಗಿತ್ತಲ್ಲ ಅಂತ ಸುಮ್ಮನಾದನಂತೆ. ಬಣ್ಣ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ!

ಇದೇ ತಪ್ಪು ನಮ್ಮಲ್ಲೂ ಒಮ್ಮೆ ಆಗುವುದರಲ್ಲಿತ್ತು. ಸರಿರಾತ್ರಿ ಆಪರೇಟರ್ ಫೋನ್ ಮಾಡಿದ. "ಸರ್, ಮಲಗಿದ್ರಾ? ಈ ಪೇಂಟಿಂಗಲ್ಲಿ ಸಹಿ ಉಲ್ಟಾ ಇದೆ, ಬೇಕಂತ ಹಾಕಿದೀರಾ?" ನಾನು ಎದ್ದು ಫೈಲು ತೆಗೆದು ನೋಡುವಷ್ಟರಲ್ಲಿ ಅವನು ಮೆಷಿನ್ ನಿಲ್ಲಿಸಿಯಾಗಿತ್ತು. ಹೊಸ ಪ್ಲೇಟ್ ಹಾಕಿಸಿ, ಬೆಳಗಿನ ಜಾವಕ್ಕೆ ಫಾರಂ ಮುಗಿಸಿದ. ಆ ಪುಸ್ತಕದಲ್ಲಿ ಎಲ್ಲೂ ಅವನ ಹೆಸರಿಲ್ಲ. ಇಲ್ಲಿ ಕೊನೆಯ ಪುಟದಲ್ಲಿ ಕಾಗದ, ಅಕ್ಷರ, ಅಚ್ಚು, ಬೈಂಡಿಂಗ್ ಎಲ್ಲದರ ವಿವರ ಹಾಕುತ್ತಾರೆ, ನಮಗೆ ಅದೂ ಬೇಡ.

ಇಂಥ ಕಣ್ಣಿರುವವರು ನಮ್ಮ ಪ್ರೆಸ್ಸುಗಳಲ್ಲಿ ಕಮ್ಮಿಯೇನಿಲ್ಲ. ಒಳ್ಳೆಯ ಬೆಳಕಿನ ಒಂದು ಮೇಜು, ಅಳೆದ ಒಂದು ಪ್ರೂಫು, ಹೊಲಿಗೆಗೆ ನಾಲ್ಕು ದಿನ ಕೊಟ್ಟರೆ ಜರ್ಮನಿಯವರಿಗಿಂತ ಒಂದು ಕೈ ಮೇಲಾಗಿಯೇ ಮಾಡಿ ಕೊಡುತ್ತಾರೆ. ನಾವು ಅವರ ಕೈಗೆ ಫೈಲು ಕೊಡುವುದು ಬಿಡುಗಡೆಯ ಹಿಂದಿನ ದಿನ ಸಂಜೆ ಆರಕ್ಕೆ. ನನ್ನ ಸಿಟ್ಟೆಲ್ಲ ಆ ಸಂಜೆಯ ಮೇಲೆ.